ಹರಳಯ್ಯನ ಅಂಗಳದ ಹಂದರ

ಮೊದಲು ತಾಗುವುದು ವಾಸನೆ. ಸುಣ್ಣದ ನೀರಲ್ಲಿ ನೆನೆಹಾಕಿದ ಹಸಿ ತೊಗಲು, ತಂಗಡಿ ತೊಗಟೆಯ ಒಗರು, ಎರಡರ ಮೇಲೂ ಸುರಿಯುವ ಮಧ್ಯಾಹ್ನದ ಬಿಸಿಲು. ಕಲ್ಯಾಣ ಪಟ್ಟಣದ ಸಮಗಾರರ ಕೇರಿಯಲ್ಲಿ ನಿಂತಿದ್ದೀರಿ. 1160ರ ದಶಕ. ಉಸಿರನ್ನು ಅರ್ಧಕ್ಕೆ ಹಿಡಿದಿದ್ದೀರಿ, ಹಿಡಿದದ್ದು ಯಾರಿಗೂ ಕಾಣಬಾರದೆಂದು ಮುಖ ಆಚೆ ತಿರುಗಿಸಿದ್ದೀರಿ. ಈ ಊರಲ್ಲಿ ಮೂಗು ಮುಚ್ಚಬಾರದು ಎಂದು ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ಆದರೂ ಗೊತ್ತಾಗಿದೆ.

ಕೇರಿಯ ತುದಿಯಿಂದ ಒಬ್ಬರು ನಡೆದು ಬರುತ್ತಿದ್ದಾರೆ. ಬಿಜ್ಜಳ ಮಹಾರಾಜನ ಭಂಡಾರಿ. ರಾಜ್ಯದ ಬೊಕ್ಕಸದ ಬೀಗದ ಕೈ ಇವರ ಹತ್ತಿರ. ಕಟ್ಟೆಯ ಮೇಲೆ ಕೂತು ಮೆಟ್ಟು ಹೊಲಿಯುತ್ತಿದ್ದ ಹರಳಯ್ಯನವರು ರಂಪಿಗೆ ಕೆಳಗಿಟ್ಟು, ದಡಬಡಿಸಿ ಎದ್ದು, ಕೈ ಜೋಡಿಸಿ 'ಶರಣು' ಎನ್ನುತ್ತಾರೆ. ಭಂಡಾರಿ ನಿಲ್ಲುತ್ತಾರೆ. ನಿಂತವರು ಬಾಗುತ್ತಾರೆ. 'ಶರಣು ಶರಣಾರ್ಥಿ' ಎನ್ನುತ್ತಾರೆ.

ಒಂದು ಶರಣಿಗೆ ಎರಡು ಶರಣು ತಿರುಗಿ ಬಂತು. ಕೇರಿ ತಣ್ಣಗಾಗಿದೆ. ಬಸವಣ್ಣನವರು ಮುಂದೆ ಹೋಗಿಬಿಟ್ಟರು, ಆದರೆ ಹರಳಯ್ಯನವರ ಕೈಗಳು ಇನ್ನೂ ಜೋಡಿಸಿದಂತೆಯೇ ಇವೆ. ಆ ಮುಖದಲ್ಲಿ ನಿಮಗೆ ಕಾಣುವುದು ಹೆದರಿಕೆ. ಹೆಚ್ಚಾಗಿ ಬಂದ ಆ ಒಂದು ಶರಣನ್ನು ಇಟ್ಟುಕೊಳ್ಳುವುದು ಹೇಗೆ, ತೀರಿಸುವುದು ಹೇಗೆ?

ತೀರಿಸುವ ಬಗೆಯನ್ನು ಐತಿಹ್ಯ ಹೇಳುತ್ತದೆ, ನೀವು ಅದನ್ನು ನೋಡಲೇಬೇಕು. ರಾತ್ರಿ. ಹರಳೆಣ್ಣೆಯ ದೀಪ. ಹರಳಯ್ಯನವರು ತಮ್ಮ ಬಲತೊಡೆಯ ಮೇಲೆ ರಂಪಿಗೆಯ ಅಲಗು ಊರುತ್ತಾರೆ. ದಿನವೂ ಸತ್ತ ದನದ ತೊಗಲು ಸುಲಿಯುವ ಕೈ ಅದು, ಎಲ್ಲಿ ಒತ್ತಬೇಕು ಎಲ್ಲಿ ಹಗುರ ಹಿಡಿಯಬೇಕು ಎಂಬುದು ಅದಕ್ಕೆ ಗೊತ್ತು. ಹೆಂಡತಿ ಕಲ್ಯಾಣಮ್ಮನವರು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ತಮ್ಮ ಎಡತೊಡೆ ಮುಂದೆ ಮಾಡುತ್ತಾರೆ. ಕೂಗು ಹೊರಬೀಳುವುದಿಲ್ಲ. ಬಟ್ಟೆ ಹರಿಯುವ ಸಣ್ಣ ಸದ್ದು ಮಾತ್ರ ಕೇಳುತ್ತದೆ, ಅದು ಬಟ್ಟೆಯದಲ್ಲ. ನಿಮ್ಮ ತೊಡೆಯ ಸ್ನಾಯು ತಾನಾಗಿಯೇ ಬಿಗಿದುಕೊಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ಒಂದು ಜೊತೆ ಮೆಟ್ಟು ಸಿದ್ಧ.

ಬಸವಣ್ಣನವರು ಅವನ್ನು ಕಾಲಿಗೆ ಹಾಕುವುದಿಲ್ಲ. ತಲೆಯ ಮೇಲೆ ಇಟ್ಟುಕೊಂಡು, ತಮಗೆ ಮೆಟ್ಟುವ ಯೋಗ್ಯತೆ ಇಲ್ಲವೆಂದು ಮರಳಿ ಕೊಡುತ್ತಾರೆ. ಭಕ್ತಿಯ ದೊಡ್ಡ ಕಥೆ ಎಂದು ನಮ್ಮ ಕಡೆ ಇದನ್ನು ಪುರಾಣದಲ್ಲಿ ಹೇಳುತ್ತಾರೆ, ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಕಣ್ಣೂ ತೇವವಾಗುತ್ತದೆ. ಜೊತೆಗೆ ಒಂದು ಸಂಕಟವೂ ಆಗುತ್ತದೆ: ಮೇಲಿದ್ದವರು ಒಂದು ಮಾತು ಹೆಚ್ಚು ಕೊಟ್ಟರು, ಕೆಳಗಿದ್ದವರು ತೊಡೆಯ ತೊಗಲು ಕೊಟ್ಟರು. ಸರಿಸಮಾನರ ಊರಿನ ಮೊದಲ ಲೆಕ್ಕವೇ ಹೀಗೆ ತೀರಿತು.

ನೀವು ಈ ಊರಿಗೆ ಬಂದದ್ದು ಬಾಗೇವಾಡಿ ಸೀಮೆಯಿಂದ. ಎರೆಮಣ್ಣಿನ ಹೊಲ, ಮಳೆಯಾದರೆ ಮೊಳಕಾಲ ತನಕ ಹೂಳುವ ಕೆಸರು, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು. ಆ ಕಡೆಯ ಮುದುಕಿಯರು ಒಂದು ಮಾತನ್ನು ಪಿಸುಗುಟ್ಟುತ್ತಲೇ ಇದ್ದರು. ನಮ್ಮೂರ ಮಾದರಸರ ಮಗ, ಇಂಗಳೇಶ್ವರದ ಮಾದಲಾಂಬಿಕೆಯ ಹೊಟ್ಟೆಯಲ್ಲಿ ಹುಟ್ಟಿದವನು, ಜನಿವಾರ ಒಲ್ಲೆ ಅಂದು ಮನೆ ಬಿಟ್ಟು ಸಂಗಮಕ್ಕೆ ನಡೆದನಂತೆ. 1369ರಲ್ಲಿ ಬಸವ ಪುರಾಣ ಬರೆದ ಭೀಮಕವಿಯಲ್ಲಿ ಆಗ ಅವನಿಗೆ ಎಂಟು ವರ್ಷ, ಇನ್ನೂ ಹಳೆಯವನಾದ ಹರಿಹರನ ರಗಳೆಯಲ್ಲಿ ಪ್ರಾಯಕ್ಕೆ ಬಂದವನು. ವಯಸ್ಸು ಎಷ್ಟಾದರೂ ಇರಲಿ, ಹೋಮದ ಹೊಗೆ ತುಂಬಿದ ಆ ಪಡಸಾಲೆಯಲ್ಲಿ ನೆಂಟರೆಲ್ಲ ನೋಡುತ್ತಿರುವಾಗ 'ಒಲ್ಲೆ' ಎನ್ನಲು ಎಷ್ಟು ಧೈರ್ಯ ಬೇಕು ಎಂಬುದನ್ನು ಮನೆಯ ಹಿರಿಯರೆದುರು ಒಮ್ಮೆಯಾದರೂ ಬಾಯಿಬಿಟ್ಟ ನೀವು ಬಲ್ಲಿರಿ. ಆ ಒಂದು ಮಾತಿನ ಬೆನ್ನು ಹತ್ತಿ ನೀವು ಗಂಟು ಕಟ್ಟಿಕೊಂಡಿರಿ. ಸಿಂದಗಿ ಬಯಲು ದಾಟಿ, ಭೀಮೆಯಲ್ಲಿ ಎದೆಮಟ್ಟದ ನೀರು ಹಾಯ್ದು, ಕಾಲು ಒಡೆದು ರಕ್ತ ಬಂದಾಗ ಬಸವಣ್ಣನವರ ಮಹಾಮನೆಯ ಬಾಗಿಲಿಗೆ ತಲುಪಿದಿರಿ.

ಮಹಾಮನೆಯಲ್ಲಿ ಪಂಕ್ತಿ ಕೂತಿದೆ. ಐತಿಹ್ಯ ಕಲ್ಯಾಣದಲ್ಲಿ 1,96,000 ಜಂಗಮರನ್ನು ಎಣಿಸುತ್ತದೆ. ನೀವು ಎಣಿಸುವ ಗೋಜಿಗೆ ಹೋಗುವುದಿಲ್ಲ, ಹೊಟ್ಟೆ ಹಸಿದಿದೆ. ಮುಂದೆ ಬಿಸಿ ಜೋಳದ ರೊಟ್ಟಿ, ಬೇಳೆ, ಮೆಣಸಿನ ಕಾಳಿನ ಖಾರ. ಮೆಣಸಿನಕಾಯಿ ಈ ನಾಡಿಗೆ ಬರಲು ಇನ್ನೂ ಶತಮಾನಗಳು ಬೇಕು. ಬಲಕ್ಕೆ ಅಗ್ರಹಾರ ಬಿಟ್ಟು ಬಂದ ಮುದುಕರೊಬ್ಬರು. ಎಡಕ್ಕೆ ಒಬ್ಬ ಹುಡುಗ ಬಂದು ಕೂಡುತ್ತಾನೆ. ಅವನ ಬೆರಳ ಸಂದಿಯಲ್ಲಿ ಸುಣ್ಣ ತಿಂದ ಬಿಳಿ ಗೆರೆಗಳು, ಉಗುರಿನ ಬುಡದಲ್ಲಿ ತಂಗಡಿಯ ಕೆಂಪು. ಅದೇ ವಾಸನೆ. ನಿಮ್ಮ ಕೈ ರೊಟ್ಟಿಯ ಮೇಲೆ ನಿಂತುಬಿಡುತ್ತದೆ.

ನಿಮ್ಮ ತಲೆ ಎಲ್ಲವನ್ನೂ ಒಪ್ಪಿದೆ. ಅದಕ್ಕೆಂದೇ ಇಷ್ಟು ದೂರ ನಡೆದಿದ್ದೀರಿ. ಗಂಟಲು ಒಪ್ಪುತ್ತಿಲ್ಲ. ಹುಡುಗ ನಿಮ್ಮ ಕೈ ನೋಡುತ್ತಾನೆ, ಮರುಕ್ಷಣವೇ ನೋಡದವನಂತೆ ತನ್ನ ರೊಟ್ಟಿ ಮುರಿಯುತ್ತಾನೆ. ಇಂಥ ನಿಂತ ಕೈಗಳನ್ನು ಅವನು ಬಹಳ ನೋಡಿದ್ದಾನೆ. ತುತ್ತು ಬಾಯಿಗಿಡುತ್ತೀರಿ. ಅಗಿಯುತ್ತೀರಿ. ಅದು ಇಳಿಯುವಷ್ಟು ಹೊತ್ತು ಇಡೀ ಕಲ್ಯಾಣ ನಿಮ್ಮ ಗಂಟಲಲ್ಲಿದೆ.

ಬೇರೆ ದೇಶಗಳ ಕನಸಿನ ಊರುಗಳಲ್ಲಿ ಈ ತುತ್ತನ್ನು ಹುಡುಕಿದ್ದೇನೆ, ಸಿಕ್ಕಿಲ್ಲ. ಪ್ಲೇಟೋ ತನ್ನ ಆದರ್ಶ ರಾಜ್ಯದ ಬಾಗಿಲಲ್ಲಿ ಕವಿಗಳನ್ನು ಹೊರಗೆ ನಿಲ್ಲಿಸಿದ. ಥಾಮಸ್ ಮೋರ್ 1516ರಲ್ಲಿ 'ಯುಟೋಪಿಯ' ಬರೆದಾಗ, ಪ್ರಾಣಿ ಕಡಿದು ಚೊಕ್ಕಟ ಮಾಡುವ ಕೆಲಸವನ್ನು ಊರ ಹೊರಗಿಟ್ಟು ಗುಲಾಮರಿಗೆ ವಹಿಸಿದ. ಪ್ರಜೆಗಳ ಕೈಗೆ ರಕ್ತ ತಾಗಿದರೆ ಅವರ ಕರುಣೆ ಸವೆಯುತ್ತದಂತೆ. ಕಲ್ಯಾಣ ಎರಡನ್ನೂ ತಿರುವಿ ಹಾಕಿತು. ಅಗಸರು, ಅಂಬಿಗರು, ಹಗ್ಗ ಹೊಸೆಯುವವರು, ಸೂಳೆಗೇರಿಯ ಸಂಕವ್ವ, ಎಲ್ಲರ ಕೈಗೂ ಕಾವ್ಯ ಕೊಟ್ಟಿತು. ಊರಾಚೆಯ ತೊಗಲಿನ ವಾಸನೆಯನ್ನು ಪಂಕ್ತಿಯ ನಡುವೆ ಕೂಡಿಸಿತು. ಪುಸ್ತಕದಲ್ಲಿ ಕಟ್ಟುವ ಊರಿಗೆ ಈ ಫಜೀತಿ ಇಲ್ಲ. ಅಲ್ಲಿ ಯಾರ ಗಂಟಲೂ ಬಿಗಿಯುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನು ನೀವು ಈ ಹೊತ್ತಿಗೇ ತಿಳಿದಿರಬೇಕು, ಮುಂದೆ ಬೇಕಾಗುತ್ತದೆ. ಮೋರ್‌ನ ಊರಿಗೆ ಹದಿನೈದು ಮೈಲಿಯ ಕಾಲುವೆ ತೋಡಿ, ಭೂಮಿಯಿಂದ ಕಡಿದು ಬೇರೆ ಮಾಡಿದ ದ್ವೀಪವಿತ್ತು. ಕಲ್ಯಾಣದ ಶರಣರಿಗೆ ಕಾಲುವೆ ಇರಲಿಲ್ಲ. ಅವರ ಮಹಾಮನೆ ಇದ್ದದ್ದೇ ಕಲಚುರಿ ಅರಸನ ರಾಜಧಾನಿಯ ಒಳಗೆ. ದಾಸೋಹಕ್ಕೆ ಬೊಕ್ಕಸದ ಹೊನ್ನು ಹೋಗುತ್ತಿದೆ ಎಂದು ಅರಮನೆಯಲ್ಲಿ ಚಾಡಿ ಹೇಳುವವರಿದ್ದರು. ಲೆಕ್ಕ ತೆಗೆದಾಗ ಒಂದು ಕಾಸೂ ಕಡಿಮೆ ಇರಲಿಲ್ಲವೆಂದು ಪುರಾಣಗಳು ಹಿಗ್ಗಿ ಹೇಳುತ್ತವೆ. ಹಿಗ್ಗು ನಿಮಗೂ ಆಗುತ್ತದೆ. ಆದರೂ ಬೀಗದ ಕೈ ಅರಸನದು.

ಮರುದಿನ ಐದಕ್ಕಿ ಮಾರಯ್ಯನವರ ಗುಡಿಸಲ ಮುಂದೆ ಹಾಯುತ್ತೀರಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಇವತ್ತು ಚೀಲ ಉಬ್ಬಿದೆ. ಹೆಂಡತಿ ಲಕ್ಕಮ್ಮ ಚೀಲ ಕೈಗೆ ತೆಗೆದುಕೊಂಡು ತೂಗಿ ನೋಡುತ್ತಾರೆ. "ಇದು ನಮ್ಮ ದಿನದ ಅಕ್ಕಿ ಅಲ್ಲ. ಹೆಚ್ಚಿಂದು ಎಲ್ಲಿಂದ ತಂದ್ರಿ, ಅಲ್ಲೇ ಸುರುವಿ ಬರ್ರಿ." ಮಾರಯ್ಯನವರ ಮೋರೆ ಸಣ್ಣದಾಗುತ್ತದೆ. ತುಟಿ ಪಿಟಿಕ್ಕೆನ್ನದೆ ಬಂದ ದಾರಿಯಲ್ಲೇ ತಿರುಗುತ್ತಾರೆ. ಆ ಬೆನ್ನು ನೋಡುತ್ತ ನಿಮ್ಮ ಗಂಟಿನಲ್ಲಿ ನಾಳೆಗೆಂದು ಬಚ್ಚಿಟ್ಟ ಎರಡು ರೊಟ್ಟಿ ನೆನಪಾಗುತ್ತವೆ. ಕೈ ಹೋಗಿ ಅದನ್ನು ಮುಟ್ಟಿ ನೋಡುತ್ತದೆ. ತೆಗೆದು ಯಾರಿಗಾದರೂ ಕೊಡಬೇಕು ಅನಿಸುತ್ತದೆ. ಕೊಡುವುದಿಲ್ಲ.

ಈಗ ಶರಣರ ಸಭೆ ಸೇರುವ ಅನುಭವ ಮಂಟಪ. ಹೊಸ್ತಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಉಡುತಡಿಯಿಂದ ಇಲ್ಲಿಯ ತನಕ ನಡೆದು ಬಂದಿದ್ದಾಳೆ. ಮೈಮೇಲೆ ಬಟ್ಟೆ ಇಲ್ಲ, ಕೂದಲೇ ಹೊದಿಕೆ. ಒಳಗೆ ಕೂತವರೆಲ್ಲ ಶರಣರು. ಶೂನ್ಯ ಸಿಂಹಾಸನದ ಮೇಲೆ ಅಲ್ಲಮಪ್ರಭು. ಕಿನ್ನರಿ ಬೊಮ್ಮಯ್ಯ ಎದ್ದುಹೋಗಿ ಆಕೆಯನ್ನು ಪರೀಕ್ಷಿಸುತ್ತಾನೆ. ಆಮೇಲೆ ಅಲ್ಲಮನ ಪ್ರಶ್ನೆಗಳು. ಗಂಡ ಯಾರು, ಗುರುತು ಹೇಳು. ಮೈಯ ನಾಚಿಕೆ ಬಿಟ್ಟ ಮೇಲೆ ಈ ಕೂದಲ ಮರೆ ಯಾಕೆ? ನಿಮ್ಮ ಕಿವಿ ಬಿಸಿಯಾಗುತ್ತದೆ. ನೆಲ ನೋಡಬೇಕೋ ಆಕೆಯ ಮುಖ ನೋಡಬೇಕೋ ತಿಳಿಯುವುದಿಲ್ಲ. ಗಂಡಸರು ಮೈ ಮುಚ್ಚಿಕೊಂಡು ಕೂತಿದ್ದಾರೆ, ಉತ್ತರ ಕೊಡಬೇಕಾದವಳು ಆಕೆ. ಅಕ್ಕಮಹಾದೇವಿ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ, ದನಿ ನಡುಗುವುದಿಲ್ಲ. ಕೊನೆಗೆ ಕೇಳಿದವರೇ ಬಾಗುತ್ತಾರೆ.

ಈ ಸಭೆ ನಮಗೆ ಇಷ್ಟು ಸ್ಪಷ್ಟವಾಗಿ ಕಾಣುವುದು ಶೂನ್ಯಸಂಪಾದನೆಯಲ್ಲಿ. ಅದನ್ನು ಹೊಂದಿಸಿದ್ದು 15ನೇ ಶತಮಾನದಲ್ಲಿ, ಕಲ್ಯಾಣ ಚದುರಿ ಇನ್ನೂರೈವತ್ತು ವರ್ಷ ಕಳೆದ ಮೇಲೆ. ಚದುರಿಹೋದ ದನಿಗಳನ್ನೆಲ್ಲ ಒಂದೇ ಮಂಟಪದೊಳಗೆ ಮತ್ತೆ ಕೂಡಿಸಿದ ದೊಡ್ಡ ಮನಸ್ಸು ಆ ಸಂಪಾದಕರದು. ಅವರು ಬೇಕಿದ್ದರೆ ಹೊಸ್ತಿಲ ಮೇಲಿನ ಈ ಗಳಿಗೆಯನ್ನು ಬಿಟ್ಟುಬಿಡಬಹುದಿತ್ತು. ಎಲ್ಲರನ್ನೂ ತೆರೆದ ತೋಳಿನಿಂದ ಕರೆದುಕೊಂಡ ಊರು ಎಂದು ಬರೆದು ಮುಗಿಸಬಹುದಿತ್ತು. ಬಿಡಲಿಲ್ಲ. ನಾನು ಅವರಿಗೆ ಋಣಿ. ಬಾಗಿಲಲ್ಲಿ ಕಾವಲಿಲ್ಲದ ಆದರ್ಶ ನಗರ ಎಲ್ಲೂ ಇಲ್ಲ ಎಂದು ಆ ಪುಟಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ.

ಆಮೇಲೆ ಒಂದು ಸುದ್ದಿ ಕೇರಿಯಿಂದ ಕೇರಿಗೆ ಹಬ್ಬುತ್ತದೆ. ಮಂತ್ರಿ ಮಧುವರಸರ ಮಗಳನ್ನು ಹರಳಯ್ಯನವರ ಮಗ ಶೀಲವಂತನಿಗೆ ಕೊಡುತ್ತಾರಂತೆ. ಹುಟ್ಟಿನಿಂದ ಬ್ರಾಹ್ಮಣರ ಹುಡುಗಿ, ಸಮಗಾರರ ಹುಡುಗ. ಶರಣರ ವಾದ ಸರಳ: ಇಬ್ಬರೂ ಲಿಂಗ ಕಟ್ಟಿದವರು, ಹಿಂದಿನ ಜಾತಿ ಅಲ್ಲಿಗೆ ಮುಗಿಯಿತು, ಇದು ಶರಣ ಮನೆಗೆ ಶರಣ ಮನೆಯ ನೆಂಟಸ್ತನ. ಹೌದು ಎನ್ನುತ್ತೀರಿ. ಹೌದು ಎನ್ನುವಾಗ ಬೆನ್ನಹುರಿಯಲ್ಲಿ ತಣ್ಣನೆಯದೇನೋ ಇಳಿಯುತ್ತದೆ.

ಈ ಗಳಿಗೆಗೆ ಬಂದು ನಿಲ್ಲದ ಕನ್ನಡ ನಾಟಕಕಾರರು ವಿರಳ. ಗಿರೀಶ ಕಾರ್ನಾಡರು 'ತಲೆದಂಡ' ಬರೆದದ್ದು ಮಂಡಲ್ ಮತ್ತು ಮಂದಿರದ ಕಾವು ಏರುತ್ತಿದ್ದ 1989ರಲ್ಲಿ. ಅವರ ಬಸವಣ್ಣನಿಗೆ ಈ ಮದುವೆಯ ಮಾತು ಕೇಳಿದ ಕೂಡಲೇ ಅಳುಕು. ಮುಂದೆ ಏನಾಗುತ್ತದೆಂದು ಅವನಿಗೆ ಕಾಣುತ್ತದೆ, ತಡೆಯುವ ಹಕ್ಕು ತನಗಿಲ್ಲವೆಂಬುದೂ ಕಾಣುತ್ತದೆ. ಪಿ. ಲಂಕೇಶರು 1971ರ 'ಸಂಕ್ರಾಂತಿ'ಯಲ್ಲಿ ಇನ್ನೂ ಹಿಂದೆ ಹೋದರು. ಅವರ ಉಜ್ಜ ಕೇರಿಯ ಹಿರಿಯ. ಮಗ ರುದ್ರ ಶರಣನಾಗುವುದು ಅವನಿಗೆ ಸುತರಾಂ ಬೇಡ. ತನ್ನ ಹೆಂಡ, ತನ್ನ ಮಾಂಸ, ತನ್ನ ದೇವರು ಬಿಟ್ಟು ಯಾರದೋ ಒಳ್ಳೆಯತನಕ್ಕೆ ಯಾಕೆ ಒಗ್ಗಿಕೊಳ್ಳಬೇಕು? ಎಲ್ಲರಿಗೂ ಒಳ್ಳೆಯದಾಗುವ ಊರಿನ ನಡುವೆ ನಿಂತು 'ನನಗೆ ಬೇಡ' ಎನ್ನುವ ಈ ಮುದುಕನಿಗೆ ಯಾವ ಯುಟೋಪಿಯದವರೂ ಸರಿಯಾದ ಉತ್ತರ ಕೊಟ್ಟಿಲ್ಲ.

ನಿಮ್ಮ ಮುಂದೆ ಒಂದೇ ಪ್ರಶ್ನೆ ಇದೆ: ಮದುವೆಗೆ ಹೋಗುತ್ತೀರೋ ಇಲ್ಲವೋ? ಹೋದರೆ ಅರಮನೆಯ ಕಣ್ಣಿಗೆ ಬೀಳುತ್ತೀರಿ. ಹೋಗದಿದ್ದರೆ ಈ ಊರಿಗೆ ನಡೆದು ಬಂದದ್ದು ಯಾತಕ್ಕೆ?

ಹರಳಯ್ಯನ ಅಂಗಳದಲ್ಲಿ ಹಂದರ ಹಾಕಿದ್ದಾರೆ. ಹಸಿ ಮಾವಿನ ಸೊಪ್ಪು, ಕಾಯಿಸಿದ ಬೆಲ್ಲ, ಗೋಧಿ ಹುಗ್ಗಿ. ತೊಗಲಿನ ಗುಂಡಿಗಳ ಮೇಲೆ ಹಲಗೆ ಮುಚ್ಚಿ ಸೆಗಣಿ ಸಾರಿಸಿದ್ದಾರೆ, ಆದರೂ ಆ ವಾಸನೆ ಹುಗ್ಗಿಯ ಘಮದ ಒಳಗಿನಿಂದ ಏಳುತ್ತದೆ. ಈಗ ನೀವು ಉಸಿರು ಹಿಡಿಯುತ್ತಿಲ್ಲ. ಯಾವಾಗಿನಿಂದ ಬಿಟ್ಟಿರೋ ನೆನಪಿಲ್ಲ. ಕಲ್ಯಾಣಮ್ಮನವರು ಎಡಗಾಲು ಸ್ವಲ್ಪ ಎಳೆದು ನಡೆಯುತ್ತ ಎಲ್ಲರನ್ನೂ ಕರೆಯುತ್ತಿದ್ದಾರೆ. "ಯಪ್ಪಾ, ಬಾಗಲದಾಗ ನಿಂತ್ರ ಹೆಂಗ? ಒಳಗ ಬರ್ರಿ, ಕೂಡ್ರಿ." ಹುಡುಗಿ ತಲೆ ಎತ್ತಿ ಹುಡುಗನನ್ನು ನೋಡುತ್ತಾಳೆ. ಹುಡುಗ ನೋಡಲು ನಾಚುತ್ತಾನೆ. ಅಕ್ಷತೆ ನಿಮ್ಮ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿದೆ. ಎಸೆಯುತ್ತೀರಿ.

ಕೆಲವು ದಿನ ಏನೂ ಆಗುವುದಿಲ್ಲ. ಆಗುವುದಿಲ್ಲವೇನೋ ಎಂದು ನಂಬಲು ಶುರುಮಾಡುತ್ತೀರಿ.

ಕುದುರೆ. ನಸುಕಿನಲ್ಲಿ, ಕೇರಿಯ ಕಲ್ಲಿನ ಮೇಲೆ, ನಾಲ್ಕೈದು ಕುದುರೆ. ಬಾಗಿಲು ಮುರಿಯುವ ಸದ್ದು. ನಾಯಿಗಳು. ಹೆಂಗಸರ ದನಿ. ಎದ್ದು ಓಡುತ್ತೀರಿ, ಯಾವ ಕಡೆಗೆ ಎಂಬುದು ಕಾಲಿಗೆ ಗೊತ್ತಿಲ್ಲ. ಹರಳಯ್ಯನವರನ್ನು ಹೊರಗೆಳೆದಿದ್ದಾರೆ. ಊರಿನ ಇನ್ನೊಂದು ತುದಿಯಿಂದ ಮಧುವರಸರನ್ನೂ. ಇಬ್ಬರು ಬೀಗರನ್ನು ಒಟ್ಟಿಗೆ ಕಟ್ಟಿದ್ದಾರೆ. ಮೊದಲು ಕಣ್ಣು ಕೀಳುತ್ತಾರೆ. ಆಮೇಲೆ ಆನೆ. ಇದಕ್ಕೆ ಎಳೆಹೂಟೆ ಎಂದು ಹೆಸರು. ಆನೆಯ ಕಾಲಿಗೆ ಹಗ್ಗ, ಹಗ್ಗದ ತುದಿಗೆ ಮನುಷ್ಯ, ಊರ ಬೀದಿಯುದ್ದಕ್ಕೂ. ಕಿಟಕಿಗಳು ಮುಚ್ಚುತ್ತವೆ. ನಿಮ್ಮ ಬಾಯಲ್ಲಿ ಕಬ್ಬಿಣದ ರುಚಿ, ನಾಲಿಗೆ ಕಚ್ಚಿಕೊಂಡಿದ್ದೀರಿ. ಆನೆ ನಿಮ್ಮ ಮುಂದೆ ಹಾಯುವಾಗ ಕಣ್ಣು ಮುಚ್ಚಬೇಕೆಂದಿದ್ದಿರಿ. ಮುಚ್ಚಲಾಗಲಿಲ್ಲ.

ಆ ಸಂಜೆ ಶರಣರ ನಡುವೆ ಮೊದಲ ಬಾರಿ ಎರಡು ಗುಂಪುಗಳನ್ನು ಕಾಣುತ್ತೀರಿ. ಬಸವಣ್ಣನವರು ಆಗಲೇ ಸಂಗಮದ ದಾರಿ ಹಿಡಿದಿದ್ದಾರೆ. ಒಂದು ಮೂಲೆಯಲ್ಲಿ ಜಗದೇವ, ಬೊಮ್ಮರಸ, ಇನ್ನೂ ಕೆಲವರು. ಅವರ ಮೊಳಕಾಲ ಮೇಲೆ ಅಲಗು. ಇನ್ನೊಂದು ಮೂಲೆಯಲ್ಲಿ ಹಿರಿಯರು, ಹೆಂಗಸರು, ಚನ್ನಬಸವಣ್ಣ. ಕೊಲ್ಲದಿರುವುದನ್ನೇ ಉಸಿರಾಗಿ ಮಾಡಿಕೊಂಡವರು ಕೊಲ್ಲಬೇಕೋ? ಕೊಲ್ಲದೆ ಇದ್ದರೆ ನಾಳೆ ಯಾರ ಅಂಗಳಕ್ಕೆ ಆನೆ ಬರುತ್ತದೆ? ಜಗದೇವನ ಪಕ್ಕದಲ್ಲಿ ಕೂತ ಹುಡುಗನ ಗುರುತು ನಿಮಗೆ ಹತ್ತುತ್ತದೆ. ಪಂಕ್ತಿಯಲ್ಲಿ ನಿಮ್ಮ ಎಡಕ್ಕೆ ಕೂತವನು. ಅವನು ನಿಮ್ಮ ಕಡೆ ಕೈ ಚಾಚುತ್ತಾನೆ, ಕೈಯಲ್ಲಿ ರಂಪಿಗೆ ಇದೆ. ತೆಗೆದುಕೊಂಡರೆ ನೀವು ಕಂಡ ಕನಸು ಮುಗಿಯುತ್ತದೆ. ತೆಗೆದುಕೊಳ್ಳದಿದ್ದರೆ ಈ ಹುಡುಗನ ಕಣ್ಣಲ್ಲಿ ನೀವು ಮುಗಿಯುತ್ತೀರಿ. ನಿಮ್ಮ ಕೈ ಮತ್ತೊಮ್ಮೆ ನಿಂತಿದೆ.

ಬಿಜ್ಜಳ ಕೊಲೆಯಾದನೆಂದು ಪುರಾಣಗಳು ಹೇಳುತ್ತವೆ. ಕಾರ್ನಾಡರ ನಾಟಕದಲ್ಲಿ ಅದು ನಡೆಯುವುದು ಶಿವಲಿಂಗದ ಎದುರೇ. ಶಾಸನಗಳಲ್ಲಿ 1167ರ ಸುಮಾರಿಗೆ ಮಗ ಸೋವಿದೇವನ ಆಳ್ವಿಕೆ ಕ್ರಮಬದ್ಧವಾಗಿ ಶುರುವಾಗುತ್ತದೆ. ಕಲ್ಲಿನ ಮೇಲಿನ ಲೆಕ್ಕಕ್ಕೂ ಜನರ ನಾಲಿಗೆಯ ಮೇಲಿನ ಲೆಕ್ಕಕ್ಕೂ ತಾಳೆ ಬೀಳುವುದಿಲ್ಲ. ಬಸವಣ್ಣನವರ ಮತ್ತು ಬಾಗೇವಾಡಿಯ ಹೆಸರು ಸ್ಪಷ್ಟವಾಗಿ ಸಿಗುವ ಅರ್ಜುನವಾಡದ ಶಾಸನವೇ 1260ರದು. ಅಂದ ಹಾಗೆ, 'ಯುಟೋಪಿಯ' ಬರೆದ ಮೋರ್‌ನ ತಲೆಯನ್ನೂ ಅವನ ಅರಸ 1535ರಲ್ಲಿ ತೆಗೆಸಿದ.

ಊರಿಗೆ ಬೆಂಕಿ ಬಿದ್ದಿದೆ. ಯಾರೋ ನಿಮ್ಮ ತೋಳಿಗೆ ಒಂದು ಹೊರೆ ಹಾಕುತ್ತಾರೆ. ತಾಳೆಗರಿಯ ಕಟ್ಟುಗಳು. ಅರಿವೆಯಲ್ಲಿ ಸುತ್ತಿದ್ದಾರೆ, ಅಂಚು ಪಕ್ಕೆಗೆ ಚುಚ್ಚುತ್ತದೆ. ಎಣ್ಣೆಯ, ಹೊಗೆಯ ವಾಸನೆ. ಗರಿಗಳ ಮೇಲೆ ಬರೆದವರಲ್ಲಿ ಅನೇಕರು ಇವತ್ತು ರಾತ್ರಿ ಎಲ್ಲಿದ್ದಾರೋ ಗೊತ್ತಿಲ್ಲ. ಚನ್ನಬಸವಣ್ಣ, ಅಕ್ಕನಾಗಮ್ಮ, ಮಡಿವಾಳ ಮಾಚಯ್ಯ ಉಳವಿಯ ಕಾಡಿನ ದಿಕ್ಕಿಗೆ ಹೊರಟಿದ್ದಾರೆ, ಬೆನ್ನಿಗೆ ಸೈನ್ಯ. ನಿಮಗೆ ಸಿಕ್ಕ ಗುಂಪು ಬೇರೆ. ಬಾಗೇವಾಡಿ ಹತ್ತಿರದ ಮಸಬಿನಾಳದವರಾದ ಹಡಪದ ಅಪ್ಪಣ್ಣನವರು ಬಸವಣ್ಣನವರ ಮಡದಿ ನೀಲಮ್ಮನನ್ನು ಸಂಗಮಕ್ಕೆ ಕರೆದೊಯ್ಯುತ್ತಿದ್ದಾರೆ. ನೀವೂ ಹೆಜ್ಜೆ ಹಾಕುತ್ತೀರಿ. ಮತ್ತೆ ಭೀಮೆ. ಮತ್ತೆ ಅದೇ ಎರೆಹೊಲ. ಹಗಲು ಜೋಳದ ದಂಟಿನೊಳಗೆ ಅಡಗುತ್ತೀರಿ. ದಂಟಿನ ಸುಂಕು ಕತ್ತಿನ ಬೆವರಿಗೆ ಅಂಟಿ ಉರಿಯುತ್ತದೆ, ತುರಿಸಿದರೆ ಸದ್ದಾಗುತ್ತದೆ.

ಕೃಷ್ಣೆಯ ದಂಡೆಗೆ ಬಂದಿರಿ. ಇದು ಇವತ್ತಿನ ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಆಚೆ ಕೂಡಲಸಂಗಮ. ನದಿ ದಾಟಿದರೆ ಆಯಿತು. ಆಚೆಯಿಂದ ಸುದ್ದಿ ಮೊದಲು ಬರುತ್ತದೆ: ಬಸವಣ್ಣನವರು ಐಕ್ಯರಾದರು. ಅಪ್ಪಣ್ಣನವರು ಮರಳ ಮೇಲೆ ಕುಕ್ಕರಿಸುತ್ತಾರೆ. ನೀಲಮ್ಮ ಅಳುವುದಿಲ್ಲ. ದಾಟುವುದೂ ಇಲ್ಲ. ಸಂಗಮ ಅಲ್ಲಿ ಇದ್ದರೆ ಇಲ್ಲಿಯೂ ಇದೆ, ಅಲ್ಲಿಗೇ ಹೋಗಬೇಕೇಕೆ ಎಂಬ ನಿಲುವು ಆಕೆಯದು ಎಂದು ಆ ಊರಿನ ಜನ ಈಗಲೂ ಹೇಳುತ್ತಾರೆ. ಈ ದಂಡೆಯಲ್ಲೇ ಆಕೆ ಕೊನೆಯಾಗುತ್ತಾಳೆ. ಗಂಡ ಕರೆಸಿದರೂ ತನ್ನ ನೆಲೆಯನ್ನು ತಾನೇ ಆರಿಸಿಕೊಂಡ ಹೆಣ್ಣು. ಇವತ್ತು ಆ ಎಡೆಯ ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು.

ಆಕೆಯ ವಚನಗಳು ಉಳಿದವು. ಎಂಟು ನೂರು ವರ್ಷಗಳ ಬಳಿಕ ಧಾರವಾಡದ ಒಂದು ಮೇಜಿನ ಮೇಲೆ ಅವು ಬಿಚ್ಚಿಕೊಂಡಿವೆ. ಓದುತ್ತಿರುವವರು ಎಂ. ಎಂ. ಕಲಬುರ್ಗಿ, ಸಿಂದಗಿ ಸೀಮೆಯಲ್ಲಿ 1938ರಲ್ಲಿ ಹುಟ್ಟಿದವರು, ಯರಗಲ್ಲ ಅವರ ಊರು. ಕಣ್ಣು ಕಿರಿದು ಮಾಡಿ ಸಾಲುಗಳನ್ನು ತೂಗಿ, ನೀಲಮ್ಮನ ದಾಂಪತ್ಯದ ಬಗ್ಗೆ ಆ ಸಾಲುಗಳು ಏನು ಹೇಳುತ್ತವೆ ಎಂದು ಕೇಳುತ್ತಾರೆ. 'ಮಾರ್ಗ' ಎಂಬ ಪುಸ್ತಕದಲ್ಲಿ ಅದನ್ನು ಬರೆಯುತ್ತಾರೆ. 1989ರಲ್ಲಿ ಗಲಾಟೆ ಎದ್ದಿತು. ಅವರ ಮನೆಯ ಪಡಸಾಲೆಯಲ್ಲಿ ನೀವು ನಿಂತಿರಬೇಕು ಈಗ. ಹೊರಗೆ ಸಿಟ್ಟಾದ ಜನ ಬಸವಣ್ಣನ ಹೆಸರನ್ನೇ ಹೇಳುತ್ತಿದ್ದಾರೆ, ಒಳಗೆ ಹೆಂಡತಿ ಮಕ್ಕಳು. ಕೈಯಲ್ಲಿ ಪೆನ್ನು. ಬರೆದದ್ದನ್ನು ಹಿಂತೆಗೆದುಕೊಂಡೆ ಎಂದು ಸಹಿ ಮಾಡಬೇಕು. ಮಾಡಿದರು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಅದು ನನ್ನ ಬುದ್ಧಿಯ ಆತ್ಮಹತ್ಯೆ ಎಂದು ಅವರು ಹೇಳಿಕೊಂಡರು.

ಇಲ್ಲಿ ನನ್ನ ಮಾತು ನಿಷ್ಠುರವಾಗುತ್ತದೆ. ಅಕ್ಕನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದ ಕಲ್ಯಾಣ, ಆಕೆ ತಿರುಗಿ ಕೊಟ್ಟ ಉತ್ತರಕ್ಕೆ ತಲೆಬಾಗಿತ್ತು. ಕೇಳುವುದು ಮತ್ತು ಸೋಲುವುದು ಎರಡೂ ಅದಕ್ಕೆ ಬರುತ್ತಿದ್ದವು. ನಾವು ಅದನ್ನು ಕಲೆಯೇ ಇಲ್ಲದ ಊರು ಮಾಡಿದೆವು, ಕಲೆ ತೋರಿಸಿದವರ ಮೇಲೆ ಮುಗಿಬಿದ್ದೆವು. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' 1986ರ ನಾಟಕ. ಅದು ಪಠ್ಯವಾಗಿದ್ದಾಗ ಅದರ ವಿರುದ್ಧವೂ ಬೀದಿಗೆ ಇಳಿದೆವು. ಅರಸನ ಆನೆ ಹೊರಗಿನಿಂದ ಬಂದು ಕಲ್ಯಾಣವನ್ನು ಕೆಡಿಸಿತು ಎಂಬುದು ಅರ್ಧ ಸತ್ಯ. ಅದು ಪರಿಪೂರ್ಣವಾಗಿತ್ತು ಎಂದು ನಂಬಿದ ದಿನ ನಾವೂ ಹಗ್ಗದ ಒಂದು ತುದಿ ಹಿಡಿದೆವು.

ಕಲಬುರ್ಗಿಯವರು ಕೆಲಸ ನಿಲ್ಲಿಸಲಿಲ್ಲ. 15 ಸಂಪುಟಗಳ 'ಸಮಗ್ರ ವಚನ ಸಂಪುಟ'ಕ್ಕೆ ಅವರೇ ಪ್ರಧಾನ ಸಂಪಾದಕರು. ಹಾಗೆಯೇ ಒಂದು ನಾಟಕ ಬರೆದರು, 'ಕೆಟ್ಟಿತ್ತು ಕಲ್ಯಾಣ'. ಸಿಂದಗಿಯ ನೆಲದವರು ಬಾಗೇವಾಡಿಯ ಮಗನ ಊರು ಹೇಗೆ ಕೆಟ್ಟಿತು ಎಂದು ಬರೆದದ್ದು ನನಗೆ ಆಕಸ್ಮಿಕ ಅನಿಸುವುದಿಲ್ಲ. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ. ಧಾರವಾಡದ ಬಡಾವಣೆ, ಅದರ ಹೆಸರು ಕಲ್ಯಾಣ ನಗರ. ಬೈಕ್ ಒಂದು ಬಂದು ನಿಲ್ಲುತ್ತದೆ. ಬಾಗಿಲ ಸದ್ದು. ಯಾರೋ ಓದುವ ಹುಡುಗರಿರಬೇಕು, ಸರ್‌ ಹತ್ತಿರ ದಿನಾ ಬರುತ್ತಾರೆ. ಬಾಗಿಲು ತೆರೆಯುತ್ತದೆ. ಗುಂಡು. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನಲ್ಲಿ 'ಸಂಕ್ರಾಂತಿ' ಬರೆದ ಲಂಕೇಶರ ಮಗಳು ಗೌರಿ, ತನ್ನ ಮನೆಯ ಗೇಟಿನ ಒಳಗೆ. ಇಬ್ಬರ ಮೇಲೂ ಹಾರಿಸಿದ್ದು ಒಂದೇ ಪಿಸ್ತೂಲು ಎಂದು ತನಿಖೆ ಹೇಳಿತು.

ಇವತ್ತು, ಸಿಂದಗಿಯ ಒಂದು ಶಾಲೆಯ ಅಂಗಳ. ಸಂಜೆ ಏಳಕ್ಕೆ 'ಸಂಕ್ರಾಂತಿ'ಯ ತಾಲೀಮು. ಇಂಡಿಯಿಂದ ಬಸ್ಸಿಗೆ ಬಂದವರು ಚೀಲದಲ್ಲಿ ಲಿಂಬೆಹಣ್ಣು ತಂದಿದ್ದಾರೆ, ಹುಡುಗರು ಪಾನಕ ಕಲೆಸುತ್ತಿದ್ದಾರೆ. ಎಲ್ಲರಿಗೂ ಬಸವಣ್ಣ ಆಗುವ ಆಸೆ, ನಿಮಗೂ. ನಿರ್ದೇಶಕ ಹುಡುಗ ಪುಸ್ತಕ ತಂದು ನಿಮ್ಮ ಮಡಿಲಲ್ಲಿ ಇಡುತ್ತಾನೆ. "ಕಾಕಾ, ನೀವು ಉಜ್ಜ ಆಗ್ರಿ. ನಿಮ್ಮ ದನಿಗೆ ಅದೇ ಸರಿ." ಒಲ್ಲದ ಮುದುಕನ ಪಾತ್ರ. ಎರಡು ಸಲ ಓದುತ್ತೀರಿ, ನಾಲಿಗೆ ತೊಡರುತ್ತದೆ. "ಹಂಗಲ್ರೀ ಕಾಕಾ. ಉಜ್ಜ ದಡ್ಡ ಅಂತ ಮಂದಿಗೆ ಅನಸಬಾರದು. ಅವ ಹೇಳೂದು ಖರೇ ಅನಸಬೇಕು, ರುದ್ರ ಹೇಳೂದೂ ಖರೇ ಅನಸಬೇಕು." ರುದ್ರನ ಪಾತ್ರದ ಹುಡುಗ ಎದುರು ನಿಂತಿದ್ದಾನೆ. ಕಾಲೇಜಿನವನು, ತುಂಬ ಆಸೆಯ ಕಣ್ಣು. ಎದ್ದು ಆ ಕಣ್ಣಲ್ಲಿ ಕಣ್ಣಿಟ್ಟು ನಿಮ್ಮ ಮಾತು ಹೇಳುತ್ತೀರಿ. ಈ ಸಲ ಅದು ಎಷ್ಟು ಒಳಗಿನಿಂದ ಬರುತ್ತದೆಂದರೆ ಹುಡುಗ ತನ್ನ ಸಾಲು ಮರೆತು ಬಾಯಿ ತೆರೆದು ನಿಲ್ಲುತ್ತಾನೆ. ನಿರ್ದೇಶಕ ಕೈ ತಟ್ಟಿ, ಇನ್ನೊಮ್ಮೆ ಮೊದಲಿಂದ ಮಾಡೋಣು ಎನ್ನುತ್ತಾನೆ.